ಲಿಟಲ್ ಮೋರ್ಟನ್ ಹಾಲ್‌ನ ವಾಸ್ತುಶಿಲ್ಪ: ಪದೇ ಪದೇ ಕೇಳುವ ಪ್ರಶ್ನೆಗಳು

ಲಿಟಲ್ ಮೋರ್ಟನ್ ಹಾಲ್ ಎಲ್ಲಿದೆ? ಅದು ಯಾರ ಮನೆಯಾಗಿತ್ತು?

ಇಂಗ್ಲೆಂಡಿನ ವಾಯವ್ಯ ಭಾಗದ ಚೆಷೈರ್ ಕೌಂಟಿಯಲ್ಲಿ, ಕಾಂಗಲ್ಟನ್ ಪಟ್ಟಣದ ನೈಋತ್ಯಕ್ಕೆ ಸುಮಾರು 7 ಕಿಲೋಮೀಟರ್ ದೂರದಲ್ಲಿ, ನೀರು ತುಂಬಿದ ಕಂದಕದ ನಡುವೆ ನಿಂತಿರುವ ಮರದ ಮ್ಯಾನರ್ ಮನೆ ಇದು. ಮೋರ್ಟನ್ ಎಂಬ ಜಮೀನುದಾರ ಕುಟುಂಬ ಇದನ್ನು ಸುಮಾರು 1504ರಿಂದ 1610ರವರೆಗೆ, ತಲೆಮಾರಿನಿಂದ ತಲೆಮಾರಿಗೆ ಹಂತಹಂತವಾಗಿ ಕಟ್ಟಿಸಿತು. ಈ ಕುಟುಂಬದವರು ಅರಸು ಮನೆತನದವರೂ ಅಲ್ಲ, ಆಸ್ಥಾನದಲ್ಲಿ ದೊಡ್ಡ ಪದವಿಗಳನ್ನು ಹಿಡಿದವರೂ ಅಲ್ಲ. 1348ರ ಮಹಾಮಾರಿಯ ಬಳಿಕ ಅಗ್ಗಕ್ಕೆ ದೊರೆತ ಭೂಮಿಯನ್ನು ಕೊಂಡು ಬೆಳೆದವರು. 16ನೇ ಶತಮಾನದ ಮಧ್ಯಭಾಗದ ಹೊತ್ತಿಗೆ ಅವರ ಜಮೀನು 1,360 ಎಕರೆಯಷ್ಟಿತ್ತು. ಅದರಲ್ಲಿ ಹಿಟ್ಟಿನ ಗಿರಣಿ, ಹಣ್ಣಿನ ತೋಟಗಳು ಮತ್ತು ನೀರಿನ ಬಲದಿಂದ ಸುತ್ತಿಗೆಗಳು ಬಡಿಯುತ್ತಿದ್ದ ಕಬ್ಬಿಣದ ಕುಲುಮೆಯೂ ಇದ್ದವು. ಮನೆಯ ಗೋಡೆಗಳ ಮೇಲೆ ಕಾಣುವ ಆಡಂಬರಕ್ಕೆ ಹಣ ಬಂದದ್ದು ಈ ಆಸ್ತಿಯಿಂದ.

ಮ್ಯಾನರ್ ಮನೆ ಎಂದರೆ ಅರಮನೆಯೇ, ಕೋಟೆಯೇ?

ಎರಡೂ ಅಲ್ಲ. ಒಬ್ಬ ಜಮೀನುದಾರನ ಹಿಡಿತದಲ್ಲಿದ್ದ ಹಳ್ಳಿ, ಹೊಲ, ಕಾಡು, ಗಿರಣಿಗಳನ್ನೆಲ್ಲ ಸೇರಿಸಿ ಮ್ಯಾನರ್ ಎನ್ನುತ್ತಿದ್ದರು. ಆ ಆಸ್ತಿಯ ಯಜಮಾನ ವಾಸವಿದ್ದು, ಗೇಣಿ ಪಡೆದು, ಒಕ್ಕಲುಗಳ ವ್ಯಾಜ್ಯಗಳನ್ನು ವಿಚಾರಿಸುತ್ತಿದ್ದ ಮನೆಯೇ ಮ್ಯಾನರ್ ಮನೆ. ಹೀಗಾಗಿ ಅದು ವಾಸದ ಮನೆಯೂ ಹೌದು, ಕಚೇರಿಯೂ ಹೌದು, ಊಟದ ಹೊತ್ತಿಗೆ ಆಳುಕಾಳುಗಳೆಲ್ಲ ಒಟ್ಟಿಗೆ ಕೂರುತ್ತಿದ್ದ ಜಾಗವೂ ಹೌದು. ಲಿಟಲ್ ಮೋರ್ಟನ್ ಹಾಲ್‌ನ ಕೋಣೆಗಳ ಜೋಡಣೆ ಅರ್ಥವಾಗಬೇಕಾದರೆ ಈ ಮೂರೂ ಕೆಲಸಗಳನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಸುತ್ತಲೂ ಕಂದಕವಿದೆಯಲ್ಲ, ಅದು ರಕ್ಷಣೆಗಾಗಿ ಅಲ್ಲವೇ?

ಕಂದಕದ ಅಗಲ ಸುಮಾರು 33 ಅಡಿ, ಅಂದರೆ 10 ಮೀಟರ್. ಕಳ್ಳರನ್ನೂ ಕಾಡುಪ್ರಾಣಿಗಳನ್ನೂ ದೂರವಿಡಲು ಅಷ್ಟು ನೀರು ಸಾಕು. ಸೈನ್ಯವನ್ನು ತಡೆಯಲು ಸಾಲದು. ಅದರ ಅಂಚಿನಲ್ಲೇ ಎದ್ದು ನಿಂತಿರುವ ಗೋಡೆಗಳು ಮರ ಮತ್ತು ಮಣ್ಣಿನವು, ಅವುಗಳಲ್ಲಿ ದೊಡ್ಡ ದೊಡ್ಡ ಗಾಜಿನ ಕಿಟಕಿಗಳಿವೆ. ಇಂಥ ಗೋಡೆಯನ್ನು ಮುತ್ತಿಗೆ ಎದುರಿಸಲು ಯಾರೂ ಕಟ್ಟುವುದಿಲ್ಲ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಕಂದಕ ಪ್ರತಿಷ್ಠೆಯ ಗುರುತಾಗಿತ್ತು, ಮೀನು ಸಾಕುವ ಕೊಳವಾಗಿತ್ತು, ಜೇಡಿಮಣ್ಣಿನ ನೆಲದಲ್ಲಿ ನೀರನ್ನು ಬಸಿದು ಕಟ್ಟಡದ ಜಾಗವನ್ನು ಒಣಗಿಸುವ ಉಪಾಯವೂ ಆಗಿತ್ತು. ಇಲ್ಲಿ ಇನ್ನೊಂದು ಬಳಕೆಯೂ ಇತ್ತು: ದಕ್ಷಿಣ ಭಾಗದ ಶೌಚಕೋಣೆಗಳ ಮಲಿನವೆಲ್ಲ ನೇರವಾಗಿ ಕಂದಕಕ್ಕೇ ಬೀಳುತ್ತಿತ್ತು.

ಈ ಮನೆಯ ವಾಸ್ತುಶಿಲ್ಪಿ ಯಾರು?

ನಾವು ಇಂದು ವಾಸ್ತುಶಿಲ್ಪಿ ಎಂದು ಕರೆಯುವಂಥ ವ್ಯಕ್ತಿ ಈ ಮನೆಗೆ ಇರಲಿಲ್ಲ. ಯಜಮಾನ ತನಗೆ ಬೇಕಾದದ್ದನ್ನು ಹೇಳುತ್ತಿದ್ದ. ಬಡಗಿಗಳ ಮೇಸ್ತ್ರಿ ತನ್ನ ಅನುಭವದ ಮೇಲೆ ಅಳತೆ ಹಾಕಿ ಕಟ್ಟುತ್ತಿದ್ದ. ಆದರೆ ಒಬ್ಬ ಕುಶಲಕರ್ಮಿಯ ಹೆಸರು ಮಾತ್ರ ಮನೆಯ ಮೇಲೆಯೇ ಉಳಿದಿದೆ. ಅಂಗಳದ ಕಡೆಗೆ ಚಾಚಿರುವ ಎರಡು ಭಾರಿ ಕಿಟಕಿಗಳ ಮೇಲೆ, ದೇವರ ಸ್ಮರಣೆಯೊಂದಿಗೆ, ಈ ಕಿಟಕಿಗಳನ್ನು 1559ರಲ್ಲಿ ವಿಲಿಯಂ ಮೋರ್ಟನ್ ಮಾಡಿಸಿದನೆಂದೂ, ದೇವರ ಕೃಪೆಯಿಂದ ಅವುಗಳನ್ನು ಮಾಡಿದವನು ಬಡಗಿ ರಿಚರ್ಡ್ ಡೇಲ್ ಎಂದೂ ಮರದಲ್ಲಿ ಕೆತ್ತಲಾಗಿದೆ. ಆ ಕಾಲದ ನೂರಾರು ಮನೆಗಳನ್ನು ಕಟ್ಟಿದ ಕೈಗಳ ಹೆಸರು ನಮಗೆ ಸಿಗುವುದಿಲ್ಲ. ಇಲ್ಲಿ ಒಬ್ಬ ಬಡಗಿ, ಹಣ ಕೊಟ್ಟ ಯಜಮಾನನ ಹೆಸರಿನ ಜೊತೆಗೇ, ಅಂಗಳಕ್ಕೆ ಬಂದ ಪ್ರತಿಯೊಬ್ಬರ ಕಣ್ಣಿಗೂ ಬೀಳುವ ಜಾಗದಲ್ಲಿ ತನ್ನ ಹೆಸರನ್ನು ಬಿಟ್ಟುಹೋಗಿದ್ದಾನೆ. ಇಡೀ ಮನೆಯಲ್ಲಿ ನನಗೆ ಅತ್ಯಂತ ಅಮೂಲ್ಯವೆನಿಸುವುದು ಈ ಕೆತ್ತನೆಯೇ.

ಯಾವ ಭಾಗವನ್ನು ಯಾವಾಗ ಕಟ್ಟಲಾಯಿತು?

ಮೊದಲನೆಯ ವಿಲಿಯಂ ಮೋರ್ಟನ್ 1504ರಿಂದ 1508ರ ಸುಮಾರಿಗೆ ಉತ್ತರ ಭಾಗದ ದೊಡ್ಡ ಹಜಾರವನ್ನೂ ಅದಕ್ಕೆ ಸೇರಿದ ಪೂರ್ವ ಸಾಲಿನ ಉತ್ತರ ತುದಿಯನ್ನೂ ಕಟ್ಟಿಸಿದ. ಪೂರ್ವ ಸಾಲಿನಲ್ಲಿರುವ ಪ್ರಾರ್ಥನಾ ಮಂದಿರದ ಕೆಲಸವೂ 1508ರ ಸುಮಾರಿಗೆ ಆರಂಭವಾಯಿತು. ಅದೇ ಹೆಸರಿನ ಅವನ ಮಗ 1546ರಲ್ಲಿ ಹಜಾರದ ಪಶ್ಚಿಮಕ್ಕಿದ್ದ ಅಡುಗೆ ಮತ್ತು ಉಗ್ರಾಣದ ಭಾಗವನ್ನು ಹೊಸದಾಗಿ ಕಟ್ಟಿಸಿ, 1559ರಲ್ಲಿ ಮೇಲೆ ಹೇಳಿದ ಕಿಟಕಿಗಳನ್ನು ಸೇರಿಸಿದ. ಆತನ ಮಗ ಜಾನ್ 1560ರ ದಶಕದ ಆರಂಭದಲ್ಲಿ ಹೆಬ್ಬಾಗಿಲನ್ನೂ ಅದರ ಎರಡೂ ಬದಿಯ ದಕ್ಷಿಣ ಸಾಲನ್ನೂ ಎಬ್ಬಿಸಿದ. ಅದರ ಮೇಲೆಯೇ ಇಂದು ಮನೆಯ ಗುರುತಾಗಿರುವ ಲಾಂಗ್ ಗ್ಯಾಲರಿ ಎಂಬ ಉದ್ದನೆಯ ಕೋಣೆ ಕುಳಿತಿದೆ. ಮುಂದಿನ ತಲೆಮಾರಿನ ಮೂರನೆಯ ವಿಲಿಯಂನ ಕಾಲದಲ್ಲಿ, ಸುಮಾರು 1610ರ ಹೊತ್ತಿಗೆ, ಅಡುಗೆಮನೆ ಮತ್ತು ಬಿಯರ್ ತಯಾರಿಸುವ ಕೋಣೆಗಳಿದ್ದ ಒಂದು ಚಿಕ್ಕ ಭಾಗ ದಕ್ಷಿಣ ಸಾಲಿಗೆ ಸೇರಿತು. ಅಲ್ಲಿಗೆ ಕಟ್ಟುವ ಕೆಲಸ ನಿಂತಿತು.

ಹೀಗೆ ನಾಲ್ಕು ತಲೆಮಾರುಗಳು ಸುಮಾರು ನೂರು ವರ್ಷ ಸೇರಿಸುತ್ತಾ ಹೋದದ್ದರಿಂದಲೇ ಮನೆಗೆ ಒಂದು ಒಟ್ಟು ನಕ್ಷೆ ಇಲ್ಲ. ಕಲ್ಲು ಹಾಸಿದ ಚಿಕ್ಕ ಅಂಗಳದ ಮೂರು ಕಡೆ ಮೂರು ಸಾಲುಗಳಿವೆ, ಒಂದರ ಎತ್ತರ ಇನ್ನೊಂದಕ್ಕಿಲ್ಲ, ಒಂದರ ಸಾಲು ಇನ್ನೊಂದಕ್ಕೆ ನೇರವಾಗಿ ಕೂಡುವುದಿಲ್ಲ.

ಮನೆ ಹೀಗೆ ಅಸಮವಾಗಿರುವುದು ದೋಷವಲ್ಲವೇ? ಅದೇ ಕಾಲದ ಬೇರೆ ಮನೆಗಳು ಅಷ್ಟು ಸಮಪ್ರಮಾಣದಲ್ಲಿವೆಯಲ್ಲ?

ಹೋಲಿಸಲು ಡರ್ಬಿಷೈರ್‌ನ ಹಾರ್ಡ್‌ವಿಕ್ ಹಾಲನ್ನು ತೆಗೆದುಕೊಳ್ಳಬಹುದು. ಎಲಿಜಬೆತ್ ರಾಣಿಯ ಕಾಲದ ಅತ್ಯಂತ ಸಿರಿವಂತ ಮಹಿಳೆಯರಲ್ಲಿ ಒಬ್ಬಳಾದ ಶ್ರೂಸ್‌ಬರಿಯ ಕೌಂಟೆಸ್, 1590ರಿಂದ 1597ರ ನಡುವೆ, ರಾಬರ್ಟ್ ಸ್ಮಿತ್‌ಸನ್ ಎಂಬ ಕಲ್ಲುಕೆಲಸದ ಮೇಸ್ತ್ರಿಯ ವಿನ್ಯಾಸದಂತೆ ಅದನ್ನು ಕಲ್ಲಿನಲ್ಲಿ ಕಟ್ಟಿಸಿದಳು. ಅಲ್ಲಿ ಎಡಭಾಗ ಬಲಭಾಗದ ಪಡಿಯಚ್ಚು. ಮೊದಲು ಆಕಾರ, ಆಮೇಲೆ ಅದರೊಳಗೆ ಕೋಣೆಗಳು. ಮೋರ್ಟನ್‌ನಲ್ಲಿ ಕ್ರಮ ತಿರುಗುಮುರುಗು: ಕೋಣೆಯ ಅಗತ್ಯ ಮೊದಲು ಬಂತು, ಹೊರ ಆಕಾರ ಅದರ ಹಿಂದೆ ಬಂತು. ಹಾರ್ಡ್‌ವಿಕ್ ಒಬ್ಬಳ ಒಂದೇ ಸಂಕಲ್ಪವನ್ನು ತೋರಿಸುತ್ತದೆ. ಮೋರ್ಟನ್ ಒಂದು ಕುಟುಂಬ ಬದುಕಿದ ರೀತಿ ಹೇಗೆ ಬದಲಾಗುತ್ತಾ ಬಂತೆಂಬುದನ್ನು ತೋರಿಸುತ್ತದೆ. ಕಟ್ಟಡಗಳಿಂದ ಇತಿಹಾಸವನ್ನು ತಿಳಿಯಬಯಸುವವರಿಗೆ ಎರಡನೆಯದೇ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಕಲ್ಲನ್ನೂ ಇಟ್ಟಿಗೆಯನ್ನೂ ಬಿಟ್ಟು ಮರದಲ್ಲೇಕೆ ಕಟ್ಟಿದರು?

ಚೆಷೈರ್‌ನ ಬಯಲು ಜೇಡಿಮಣ್ಣಿನ ನೆಲ. ಅಲ್ಲಿ ಓಕ್ ಮರ ಧಾರಾಳವಾಗಿ ಬೆಳೆಯುತ್ತಿತ್ತು, ಅದನ್ನು ಬಲ್ಲ ಬಡಗಿಗಳ ಪರಂಪರೆಯೂ ಗಟ್ಟಿಯಾಗಿತ್ತು. ಕಲ್ಲನ್ನು ಗಾಡಿಯಲ್ಲಿ ಸಾಗಿಸುವುದು ದುಬಾರಿಯ ಕೆಲಸವಾದ್ದರಿಂದ ಅದನ್ನು ಅಡಿಪಾಯ, ಸೇತುವೆ, ನೆಲ ಮತ್ತು ಚಾವಣಿಯ ಹೊದಿಕೆಗೆ ಮಾತ್ರ ಬಳಸಿದರು. ಬೆಂಕಿಯ ಭಯವಿರುವ ಹೊಗೆಗೂಡುಗಳನ್ನು ಇಟ್ಟಿಗೆಯಲ್ಲಿ ಕಟ್ಟಿದರು. ಉಳಿದದ್ದೆಲ್ಲ ಓಕ್.

ಮರದ ಚೌಕಟ್ಟು ಹೇಗೆ ನಿಲ್ಲುತ್ತದೆ?

ಈ ಮನೆಯಲ್ಲಿ ಗೋಡೆ ಭಾರ ಹೊರುವುದಿಲ್ಲ. ಭಾರ ಹೊರುವುದು ಕಂಬ ಮತ್ತು ತೊಲೆಗಳ ಚೌಕಟ್ಟು. ನೆಲದ ತೇವ ಮರಕ್ಕೆ ತಾಗದಿರಲೆಂದು ಮೊದಲು ಕಲ್ಲಿನ ಕಟ್ಟೆ ಕಟ್ಟುತ್ತಾರೆ. ಅದರ ಮೇಲೆ ಉದ್ದಕ್ಕೂ ಒಂದು ತೊಲೆಯನ್ನು ಮಲಗಿಸಿ, ಆ ತೊಲೆಯ ಮೇಲೆ ಕಂಬಗಳನ್ನು ನಿಲ್ಲಿಸಿ, ಕಂಬಗಳ ತಲೆಗೆ ಮತ್ತೊಂದು ತೊಲೆಯನ್ನು ಕೂಡಿಸುತ್ತಾರೆ. ಮೂಲೆಗಳಲ್ಲಿ ಓರೆಯಾಗಿ ಇಟ್ಟ ಮರಗಳು ಇಡೀ ಚೌಕಟ್ಟು ಪಕ್ಕಕ್ಕೆ ವಾಲದಂತೆ ಹಿಡಿಯುತ್ತವೆ. ಕೂಡಿಸಲು ಕಬ್ಬಿಣದ ಮೊಳೆ ಬಳಸುವುದಿಲ್ಲ: ಒಂದು ಮರದ ತುದಿಯನ್ನು ತೆಳ್ಳಗೆ ಕೆತ್ತಿ, ಇನ್ನೊಂದರಲ್ಲಿ ಕೊರೆದ ಕುಳಿಗೆ ಇಳಿಸಿ, ಎರಡರ ಮೂಲಕವೂ ಹಾದುಹೋಗುವಂತೆ ಓಕ್ ಗೂಟವನ್ನು ಬಡಿಯುತ್ತಾರೆ.

ಆ ಕಾಲದ ಬಡಗಿಗಳು ಮರವನ್ನು ಹಸಿಯಾಗಿದ್ದಾಗಲೇ ಕೆತ್ತುತ್ತಿದ್ದರು, ಏಕೆಂದರೆ ಒಣಗಿದ ಓಕ್ ಕಲ್ಲಿನಷ್ಟು ಗಟ್ಟಿಯಾಗಿ ಉಳಿ ಬಾಚಿಗಳಿಗೆ ಬಗ್ಗುವುದಿಲ್ಲ. ಹಸಿ ಮರ ಕಟ್ಟಡದಲ್ಲಿ ಸೇರಿದ ಮೇಲೆ ವರ್ಷಗಟ್ಟಲೆ ಒಣಗುತ್ತಾ ಕುಗ್ಗುತ್ತದೆ, ತಿರುಚಿಕೊಳ್ಳುತ್ತದೆ. ಕೂಡುಗಳು ಇನ್ನಷ್ಟು ಬಿಗಿಯಾಗುತ್ತವೆ, ಆದರೆ ನೇರವಾಗಿದ್ದ ಸಾಲುಗಳು ಡೊಂಕಾಗುತ್ತವೆ. ಹಳೆಯ ಮರದ ಮನೆಗಳಲ್ಲಿ ಒಂದಾದರೂ ನೆಟ್ಟಗಿನ ಗೆರೆ ಕಾಣದಿರಲು ಇದು ಮೊದಲ ಕಾರಣ.

ಕಂಬಗಳ ನಡುವಿನ ತೆರಪನ್ನು ಇಂಗ್ಲೆಂಡಿನ ಮರದ ಮನೆಗಳಲ್ಲಿ ತಡಿಕೆಯಿಂದ ತುಂಬುತ್ತಿದ್ದರು. ಸೀಳಿದ ಕಡ್ಡಿಗಳನ್ನು ನಿಲ್ಲಿಸಿ, ಬಳುಕುವ ಕೊಂಬೆಗಳನ್ನು ಅವುಗಳ ನಡುವೆ ಹೆಣೆದು, ಜೇಡಿಮಣ್ಣು, ಹುಲ್ಲು ಮತ್ತು ಸಗಣಿಯನ್ನು ಕಲಸಿ ಎರಡೂ ಕಡೆಯಿಂದ ಮೆತ್ತಿ, ಮೇಲೆ ಸುಣ್ಣದ ಗಾರೆ ಸವರುತ್ತಿದ್ದರು. ಇಂಥ ಗೋಡೆ ಹಗುರವಾಗಿರುತ್ತದೆ. ಚೌಕಟ್ಟು ಸ್ವಲ್ಪ ಅಲುಗಿದರೂ ಅದರ ಜೊತೆಗೆ ತಾನೂ ಅಲುಗುತ್ತದೆ. ನಂತರದ ಕಾಲದಲ್ಲಿ ಹಳೆಯ ಮನೆಗಳ ತಡಿಕೆ ತೆಗೆದು ಬಿಗಿ ಸಿಮೆಂಟ್ ತುಂಬಿದ ಕಡೆಗಳಲ್ಲೆಲ್ಲ ನೀರು ಒಳಗೆ ಸಿಕ್ಕಿಕೊಂಡು ಮರ ಕೊಳೆತದ್ದನ್ನು ನೋಡಿದರೆ, ಮಣ್ಣು ಮತ್ತು ಸುಣ್ಣ ಬಡತನದ ಆಯ್ಕೆಯಾಗಿರಲಿಲ್ಲ, ತಿಳುವಳಿಕೆಯ ಆಯ್ಕೆಯಾಗಿತ್ತು ಎಂಬುದು ಸ್ಪಷ್ಟವಾಗುತ್ತದೆ.

ಹೊರಗೋಡೆಯ ಮೇಲಿನ ಅಷ್ಟೊಂದು ವಿನ್ಯಾಸಗಳಿಗೂ ರಚನೆಗೂ ಸಂಬಂಧವಿದೆಯೇ?

ಕೆಲವಕ್ಕೆ ಇದೆ, ಹೆಚ್ಚಿನವಕ್ಕೆ ಇಲ್ಲ. ಕಂಬ, ತೊಲೆ ಮತ್ತು ಮೂಲೆಯ ಓರೆಮರಗಳು ನಿಜವಾಗಿ ಭಾರ ಹೊರುತ್ತವೆ. ಅವುಗಳ ನಡುವೆ ಕಾಣುವ ವಜ್ರಾಕೃತಿಗಳು, ಮೀನಿನ ಮೂಳೆಯಂಥ ಓರೆಪಟ್ಟಿಗಳು, ನಾಲ್ಕೆಸಳಿನ ಹೂವಿನ ಆಕಾರಗಳು ಅಲಂಕಾರಕ್ಕಾಗಿ ಸೇರಿಸಿದವು. ಪಕ್ಕಪಕ್ಕದಲ್ಲಿ ಒತ್ತೊತ್ತಾಗಿ ನಿಲ್ಲಿಸಿದ ಕಂಬಗಳಿಗೂ ರಚನೆಯ ದೃಷ್ಟಿಯಿಂದ ಅಷ್ಟು ಅಗತ್ಯವಿರಲಿಲ್ಲ. ಓಕ್ ಮರವನ್ನು ಹೀಗೆ ಕೈಬಿಚ್ಚಿ ಬಳಸುವುದೇ ಸಂಪತ್ತಿನ ಪ್ರದರ್ಶನವಾಗಿತ್ತು. ಅಡ್ಡಾದಿಡ್ಡಿಯಾಗಿ ಕಾಣುವ ಈ ಮನೆಯಲ್ಲಿ ಪ್ರತಿಯೊಂದು ಚೌಕದ ವಿನ್ಯಾಸವೂ ಲೆಕ್ಕ ಹಾಕಿ ಮಾಡಿದ್ದು ಎಂಬುದನ್ನು ಹತ್ತಿರದಿಂದ ನೋಡಿದವರು ಒಪ್ಪುತ್ತಾರೆ.

ಮೇಲಿನ ಅಂತಸ್ತು ಕೆಳಗಿನದಕ್ಕಿಂತ ಮುಂದೆ ಚಾಚಿರುವುದೇಕೆ?

ಮೇಲಂತಸ್ತಿನ ಜಂತೆಗಳನ್ನು ಕೆಳಗಿನ ಗೋಡೆಯಿಂದ ಹೊರಗೆ ಒಂದಷ್ಟು ಚಾಚಿಸಿ, ಆ ತುದಿಗಳ ಮೇಲೆ ಮೇಲಿನ ಗೋಡೆಯನ್ನು ನಿಲ್ಲಿಸುವುದು ಆ ಕಾಲದ ರೂಢಿ. ಮೇಲೆ ಜಾಗ ಹೆಚ್ಚುತ್ತದೆ, ಕೆಳಗಿನ ಗೋಡೆಗೆ ಮಳೆ ತಾಗುವುದು ಕಡಿಮೆಯಾಗುತ್ತದೆ, ಹೊರತುದಿಯ ಮೇಲೆ ಬಿದ್ದ ಭಾರ ಜಂತೆಯ ನಡುಭಾಗ ತಗ್ಗುವುದನ್ನು ಸ್ವಲ್ಪ ತಡೆಯುತ್ತದೆ. ಪೇಟೆಗಳಲ್ಲಿ ಇದಕ್ಕೆ ಜಾಗದ ಕೊರತೆಯೇ ಕಾರಣವೆಂದು ಹೇಳುವುದುಂಟು. ಆದರೆ ಸುತ್ತಲೂ ಹೊಲಗಳಿದ್ದ ಮೋರ್ಟನ್ ಕುಟುಂಬಕ್ಕೆ ಜಾಗದ ಕೊರತೆ ಎಲ್ಲಿತ್ತು? ಇಲ್ಲಿ ಇದನ್ನು ಮಾಡಿದ್ದು ಮುಖ್ಯವಾಗಿ ಅಂದಕ್ಕಾಗಿ ಎಂದೇ ತಿಳಿಯಬೇಕು.

ದೊಡ್ಡ ಹಜಾರದ ಉಪಯೋಗವೇನು?

ಗ್ರೇಟ್ ಹಾಲ್ ಎಂದು ಕರೆಯುವ ಈ ಹಜಾರ ಮನೆಯ ಅತ್ಯಂತ ಹಳೆಯ ಭಾಗ, ಉಳಿದೆಲ್ಲ ಭಾಗಗಳ ಬೇರು. ಅದರ ಮೇಲೆ ಅಂತಸ್ತಿಲ್ಲ. ತಲೆಯೆತ್ತಿದರೆ ಕಮಾನಿನಂತೆ ಬಾಗಿದ ಮರಗಳು ಹೊತ್ತಿರುವ ಚಾವಣಿಯೇ ಕಾಣುತ್ತದೆ, ಆ ಮರಗಳ ಮೇಲೆ ಡ್ರ್ಯಾಗನ್‌ಗಳ ಕೆತ್ತನೆಯಿದೆ. ಈಗ ಕಲ್ಲುಚಪ್ಪಡಿ ಹಾಸಿರುವ ನೆಲ ಮೊದಲಿಗೆ ಜೊಂಡುಹುಲ್ಲು ಹರಡಿದ ಮಣ್ಣಿನ ನೆಲವಾಗಿದ್ದಿರಬೇಕು, ನಡುವೆ ತೆರೆದ ಒಲೆ ಉರಿಯುತ್ತಿದ್ದಿರಬೇಕು. ಹೊಗೆ ಏರಿ ಹೋಗಲೆಂದೇ ಇಂಥ ಹಜಾರಗಳನ್ನು ಚಾವಣಿಯವರೆಗೂ ತೆರೆದು ಬಿಡುತ್ತಿದ್ದರು.

ಹಜಾರದ ಒಂದು ತುದಿ ಯಜಮಾನನದು, ಇನ್ನೊಂದು ತುದಿ ಸೇವಕರದು. ಸೇವಕರ ತುದಿಯಲ್ಲಿ ಮರದ ತಡೆಯ ಹಿಂದೆ ಒಂದು ಓಣಿ, ಅದರಾಚೆಗೆ ಅಡುಗೆಮನೆ ಮತ್ತು ಪಾನೀಯ, ರೊಟ್ಟಿಗಳ ಉಗ್ರಾಣಗಳು. ಯಜಮಾನನ ತುದಿಯಿಂದ ಕುಟುಂಬದ ಖಾಸಗಿ ಕೋಣೆಗಳಿಗೆ ದಾರಿ. ಮಧ್ಯಯುಗದ ಇಂಗ್ಲಿಷ್ ಮನೆಗಳಲ್ಲೆಲ್ಲ ಇದೇ ಜೋಡಣೆ ಇರುತ್ತಿತ್ತು. ಇದನ್ನು ಒಮ್ಮೆ ಅರಿತರೆ ಆ ಕಾಲದ ಯಾವ ಮನೆಯನ್ನಾದರೂ ಹೊಕ್ಕ ಕೂಡಲೇ ಎಲ್ಲಿ ಏನಿರಬೇಕೆಂದು ಊಹಿಸಬಹುದು.

16ನೇ ಶತಮಾನ ಮುಂದುವರಿದಂತೆ ಯಜಮಾನರು ಎಲ್ಲರೊಂದಿಗೆ ಹಜಾರದಲ್ಲಿ ಉಣ್ಣುವುದನ್ನು ಬಿಟ್ಟು ಒಳಕೋಣೆಗಳಿಗೆ ಸರಿದರು. ಇಲ್ಲಿನ ಪಾರ್ಲರ್ (ಕುಟುಂಬದವರು ಕೂರುತ್ತಿದ್ದ ಖಾಸಗಿ ಕೋಣೆ) ಮತ್ತು ಪಕ್ಕದ ವಿಶ್ರಾಂತಿ ಕೋಣೆ ಆ ಬದಲಾವಣೆಯ ಫಲ. ವಿಶ್ರಾಂತಿ ಕೋಣೆಯ ಅಗ್ಗಿಷ್ಟಿಕೆಯ ಮೇಲೆ ಮೊದಲನೆಯ ಎಲಿಜಬೆತ್ ರಾಣಿಯ ಲಾಂಛನವಿದೆ. ಒಂದು ಕಾಲಕ್ಕೆ ಅದಕ್ಕೆ ಬಣ್ಣವನ್ನೂ ಚಿನ್ನದ ಲೇಪವನ್ನೂ ಕೊಡಲಾಗಿತ್ತು, ಅದರ ಕುರುಹು ಇನ್ನೂ ಉಳಿದಿದೆ.

ಪಾರ್ಲರ್‌ನ ಗೋಡೆಚಿತ್ರಗಳು ಇಷ್ಟು ಕಾಲ ಹೇಗೆ ಉಳಿದವು?

ಮುಂದಿನ ಕಾಲದವರು ಅವುಗಳ ಮೇಲೆ ಮರದ ಹಲಗೆಗಳನ್ನು ಹೊಡೆದು ಮುಚ್ಚಿದ್ದರಿಂದಲೇ ಉಳಿದವು. 1976ರಲ್ಲಿ ಆ ಹಲಗೆಗಳ ಹಿಂದೆ ಚಿತ್ರಗಳು ಬೆಳಕಿಗೆ ಬಂದವು. ಮೇಲ್ಭಾಗದಲ್ಲಿ ಬೈಬಲ್ ಪರಂಪರೆಯ ಸುಸನ್ನಾಳ ಕಥೆಯ ದೃಶ್ಯಗಳಿವೆ, ಜೊತೆಗೆ ಮೋರ್ಟನ್ ಕುಟುಂಬದ ಲಾಂಛನವಾದ ತೋಳದ ತಲೆಯಿದೆ. ಅವುಗಳ ಕೆಳಗೆ, ಮರದ ಹಲಗೆಯೆಂದು ಕಣ್ಣಿಗೆ ತೋರುವಂತೆ ಬಣ್ಣದಿಂದಲೇ ಹಲಗೆಗಳನ್ನು ಬಿಡಿಸಲಾಗಿದೆ. ಇಷ್ಟು ಓಕ್ ಇದ್ದ ಮನೆಯಲ್ಲಿ ಓಕ್‌ನ ಚಿತ್ರ ಏಕೆ ಬೇಕಾಯಿತು ಎಂದು ಅಚ್ಚರಿಯಾಗಬಹುದು. ಆದರೆ ಕಣ್ಣನ್ನು ನಂಬಿಸುವ ಇಂಥ ಚಿತ್ರಕಲೆ ಆ ಕಾಲದಲ್ಲಿ ಮೆಚ್ಚುಗೆ ಪಡೆದ ಕೌಶಲವಾಗಿತ್ತು.

ಲಾಂಗ್ ಗ್ಯಾಲರಿ ಏಕೆ ಅಷ್ಟು ಡೊಂಕಾಗಿದೆ? ಅದು ಬೀಳುವುದಿಲ್ಲವೇ?

ಹೆಚ್ಚು ಜನ ಕೇಳುವುದು ಈ ಪ್ರಶ್ನೆಯನ್ನೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುವೆ.

ದಕ್ಷಿಣ ಸಾಲಿನ ಮೂರನೆಯ ಅಂತಸ್ತಿನಲ್ಲಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ 68 ಅಡಿ ಉದ್ದಕ್ಕೆ ಚಾಚಿರುವ ಕೋಣೆಯೇ ಲಾಂಗ್ ಗ್ಯಾಲರಿ. ಗೋಡೆಯ ಉದ್ದಕ್ಕೂ ಕಿಟಕಿಗಳ ಸಾಲು. ಎಲಿಜಬೆತ್ ಕಾಲದ ಸಿರಿವಂತರಿಗೆ ಇಂಥ ಕೋಣೆಯ ಮೋಹ ಹತ್ತಿತ್ತು. ಮಳೆ ಬರುವಾಗ ಹೊರಗೆ ಹೋಗಲಾಗದೆ ಒಳಗೇ ಅಡ್ಡಾಡಲು, ಆಟವಾಡಲು ಅದು ಅನುಕೂಲ. ಇಲ್ಲಿಯೂ ಆಟ ನಡೆಯುತ್ತಿತ್ತೆಂಬುದಕ್ಕೆ ಸಾಕ್ಷಿಯಿದೆ: ಗೋಡೆಯ ಹಲಗೆಗಳ ಹಿಂದೆ 17ನೇ ಶತಮಾನದ ಆರಂಭದ ನಾಲ್ಕು ಟೆನಿಸ್ ಚೆಂಡುಗಳು ಸಿಕ್ಕಿವೆ.

ಕಟ್ಟಡವನ್ನು ಪರಿಶೀಲಿಸಿದವರ ಅಭಿಪ್ರಾಯದಂತೆ ಈ ಗ್ಯಾಲರಿ ಮೊದಲ ಯೋಜನೆಯಲ್ಲಿರಲಿಲ್ಲ. ಕೆಲಸ ನಡೆಯುತ್ತಿದ್ದಾಗ ಹುಟ್ಟಿದ ಯೋಚನೆ. ಎರಡು ಅಂತಸ್ತಿಗೆಂದು ಲೆಕ್ಕ ಹಾಕಿದ ಚೌಕಟ್ಟಿನ ಮೇಲೆ ಮೂರನೆಯದನ್ನು ಏರಿಸಿದರು. ಅದರ ಮೇಲೆ ಹೊದಿಸಿದ್ದು ಒರಟು ಮರಳುಗಲ್ಲಿನ ದಪ್ಪ ಚಪ್ಪಡಿಗಳನ್ನು, ಹಗುರವಾದ ಹುಲ್ಲನ್ನಲ್ಲ. ಆ ಕಲ್ಲಿನ ಭಾರ ಎರಡು ದಿಕ್ಕಿನಲ್ಲಿ ಕೆಲಸ ಮಾಡಿತು. ನೇರವಾಗಿ ಕೆಳಗೆ ಒತ್ತಿ, ತಳದ ಅಂತಸ್ತುಗಳ ತೊಲೆಗಳನ್ನು ಬಗ್ಗಿಸಿತು. ಅದರಿಂದಲೇ ಗ್ಯಾಲರಿಯ ನೆಲದ ಹಲಗೆಗಳು ಇಂದು ಏರುತ್ತಾ ಇಳಿಯುತ್ತಾ ಸಾಗುತ್ತವೆ. ಜೊತೆಗೆ, ಇಳಿಜಾರು ಚಾವಣಿಯ ಎರಡು ಪಕ್ಕಗಳು ಗೋಡೆಗಳ ತಲೆಯನ್ನು ಹೊರಕ್ಕೆ ತಳ್ಳಿದವು. ಗೋಡೆಯಲ್ಲಿ ಗಟ್ಟಿ ಭಾಗ ಹೆಚ್ಚಿದ್ದರೆ ಈ ತಳ್ಳುವಿಕೆಯನ್ನು ಸ್ವಲ್ಪವಾದರೂ ತಡೆಯಬಹುದಿತ್ತು, ಆದರೆ ಉದ್ದಕ್ಕೂ ಕಿಟಕಿಗಳಿದ್ದರೆ ತಡೆಯುವುದಕ್ಕೆ ಏನು ಉಳಿಯುತ್ತದೆ? ಗೋಡೆಗಳು ಹೊರಕ್ಕೆ ವಾಲಿದವು.

ಅಪಾಯ ಅರಿತವರು ಸುಮ್ಮನಿರಲಿಲ್ಲ. ಚಾವಣಿಯ ಕಮಾನುಗಳ ನಡುವೆ ಗೋಡೆಯಿಂದ ಗೋಡೆಗೆ ಅಡ್ಡಲಾಗಿ ಹಾಕಿರುವ ತೊಲೆಗಳು ಬಹುಶಃ 17ನೇ ಶತಮಾನದಲ್ಲಿ ಸೇರಿಸಿದವು; ಎರಡು ಗೋಡೆಗಳು ದೂರ ಸರಿಯದಂತೆ ಕಟ್ಟಿಹಿಡಿಯುವುದೇ ಅವುಗಳ ಕೆಲಸ. ಮುಂದೆ ಉಕ್ಕಿನ ಸರಳುಗಳೂ ಬಂದವು. ಆ ಮೇಲಿನ ದುರಸ್ತಿಗಳೆಲ್ಲವೂ ಡೊಂಕನ್ನು ಇದ್ದಲ್ಲಿಯೇ ನಿಲ್ಲಿಸಿ ಭದ್ರಪಡಿಸಿದವೇ ಹೊರತು ತಿದ್ದಲು ಹೋಗಲಿಲ್ಲ. ಇದು ಸರಿಯಾದ ನಿರ್ಧಾರ. ಶತಮಾನಗಳ ಕಾಲ ಬಾಗಿದ ಸ್ಥಿತಿಯಲ್ಲೇ ಒಣಗಿ ಗಟ್ಟಿಯಾದ ಓಕನ್ನು ಎಳೆದು ನೆಟ್ಟಗೆ ಮಾಡಹೊರಟರೆ ಕೂಡುಗಳೇ ಸೀಳಿಹೋಗುತ್ತವೆ.

ಗ್ಯಾಲರಿಯ ಎರಡು ತುದಿಯಲ್ಲಿರುವ ಗಾರೆಯ ಉಬ್ಬುಚಿತ್ರಗಳು ಏನನ್ನು ಹೇಳುತ್ತವೆ?

ಒಂದು ತುದಿಯಲ್ಲಿ ಅದೃಷ್ಟದ ಚಕ್ರ, ಇನ್ನೊಂದು ತುದಿಯಲ್ಲಿ ವಿಧಿಯ ಗೋಳ. ಚಕ್ರವನ್ನು ಆಳುವುದು ಅಜ್ಞಾನವೆಂದೂ ಗೋಳವನ್ನು ಆಳುವುದು ಜ್ಞಾನವೆಂದೂ ಅವುಗಳ ಜೊತೆಗಿನ ಬರಹ ಸಾರುತ್ತದೆ. ಈ ಚಿತ್ರಗಳ ಮೂಲ, ವೇಲ್ಸ್ ಮೂಲದ ಗಣಿತಜ್ಞ ರಾಬರ್ಟ್ ರೆಕಾರ್ಡ್ 1556ರಲ್ಲಿ ಪ್ರಕಟಿಸಿದ ಖಗೋಳಶಾಸ್ತ್ರದ ಪುಸ್ತಕದಲ್ಲಿದೆ. ಸಮ ಚಿಹ್ನೆಯನ್ನು ಗಣಿತಕ್ಕೆ ತಂದವನು ಇದೇ ರೆಕಾರ್ಡ್. ಲಂಡನ್ನಿನಲ್ಲಿ ಅಚ್ಚಾದ ಒಂದು ವಿಜ್ಞಾನ ಪುಸ್ತಕದ ಚಿತ್ರ ಕೆಲವೇ ವರ್ಷಗಳಲ್ಲಿ ಚೆಷೈರ್‌ನ ಹಳ್ಳಿಯ ಜಮೀನುದಾರನ ಮನೆಯ ಗೋಡೆಗೆ ಏರಿತು ಎಂಬುದು ಆ ಕಾಲದ ಓದಿನ ಹರವನ್ನು ತಿಳಿಸುತ್ತದೆ.

ಗ್ಯಾಲರಿಗೆ ಹೊಂದಿಕೊಂಡ ಚಿಕ್ಕ ಕೋಣೆಯ ಅಗ್ಗಿಷ್ಟಿಕೆಯ ಮೇಲೆ ನ್ಯಾಯ ಮತ್ತು ಕರುಣೆಯ ಮೂರ್ತಿಗಳಿವೆ. ಅವುಗಳ ನಡುವೆ ಮೋರ್ಟನ್ ಮತ್ತು ಮ್ಯಾಕಲ್ಸ್‌ಫೀಲ್ಡ್ ಕುಟುಂಬಗಳ ಲಾಂಛನವನ್ನು ಒಂದಾಗಿಸಿ, 1329ರಲ್ಲಿ ನಡೆದ ಒಂದು ಮದುವೆಯನ್ನು ನೆನೆಯಲಾಗಿದೆ.

ಕಿಟಕಿಗಳಲ್ಲಿ ಅಷ್ಟು ಚಿಕ್ಕ ಚಿಕ್ಕ ಗಾಜುಗಳನ್ನು ಏಕೆ ಬಳಸಿದರು?

ಆಗ ದೊಡ್ಡ ಗಾಜಿನ ಹಾಳೆಯನ್ನು ಒಂದೇ ತುಂಡಾಗಿ ಮಾಡುವುದು ಕಷ್ಟವಾಗಿತ್ತು. ಊದಿ ಮಾಡಿದ ಗಾಜನ್ನು ಚಿಕ್ಕ ತುಂಡುಗಳಾಗಿ ಕತ್ತರಿಸಿ ಸೀಸದ ಪಟ್ಟಿಗಳಲ್ಲಿ ಜೋಡಿಸುತ್ತಿದ್ದರು. ಈ ಮನೆಯಲ್ಲಿ ಇಂಥ ತುಂಡುಗಳು ಸುಮಾರು 30,000 ಇವೆ. ಚೌಕ, ಆಯತ, ವಜ್ರ, ವೃತ್ತ, ತ್ರಿಕೋನ ಹೀಗೆ ಹಲವು ಆಕಾರಗಳನ್ನು ಕೂಡಿಸಿ ಹೊರಗೋಡೆಯ ಮರದ ವಿನ್ಯಾಸಕ್ಕೆ ಹೊಂದುವಂತೆ ಜೋಡಿಸಿದ್ದಾರೆ. ಗಾಜು ಬೆಲೆಬಾಳುವ ವಸ್ತುವಾಗಿದ್ದ ಕಾಲದಲ್ಲಿ 1559ರ ಆ ಎರಡು ಕಿಟಕಿಗಳನ್ನು, ಮೇಲಿನ ಚಾವಣಿಗಳು ಒಂದನ್ನೊಂದು ತಾಗುವಷ್ಟು ಹತ್ತಿರಹತ್ತಿರವಾಗಿ ಮುಂದೆ ಚಾಚಿ ಕಟ್ಟಿಸಿದ ಎರಡನೆಯ ವಿಲಿಯಂಗೆ, ಅಂಗಳಕ್ಕೆ ಬಂದ ಅತಿಥಿಗೆ ತನ್ನ ಸ್ಥಾನವನ್ನು ತೋರಿಸುವ ಉದ್ದೇಶವಿತ್ತು ಎನ್ನುವುದರಲ್ಲಿ ಸಂದೇಹವಿಲ್ಲ.

ಕಪ್ಪು ಮರ, ಬಿಳಿ ಗೋಡೆ: ಮೊದಲಿನಿಂದಲೂ ಇದೇ ಬಣ್ಣವೇ?

ಅಲ್ಲ. ಓಕ್ ಮರಕ್ಕೆ ಆಗ ಬಣ್ಣ ಬಳಿದಿರಲಿಲ್ಲ. ಬಿಸಿಲು ಮಳೆಗೆ ಅದು ತಾನಾಗಿ ಬೆಳ್ಳಿಬೂದು ಬಣ್ಣಕ್ಕೆ ತಿರುಗುತ್ತದೆ. ನಡುವಿನ ಗಾರೆಗೆ ಕಾವಿಮಣ್ಣು ಬೆರೆತ ಹಳದಿ ಛಾಯೆ ಇದ್ದಿರಬೇಕು. ಮರಕ್ಕೆ ಕಪ್ಪು, ಗಾರೆಗೆ ಅಚ್ಚ ಬಿಳಿ ಬಳಿಯುವುದು 19ನೇ ಶತಮಾನದ ವಿಕ್ಟೋರಿಯಾ ಕಾಲದಲ್ಲಿ ಬಂದ ರುಚಿ. ಇಂದು ಟ್ಯೂಡರ್ ಮನೆ (16ನೇ ಶತಮಾನದಲ್ಲಿ ಇಂಗ್ಲೆಂಡನ್ನು ಆಳಿದ ಟ್ಯೂಡರ್ ಅರಸರ ಕಾಲದ ಮನೆ) ಎಂದರೆ ಕಪ್ಪು ಬಿಳುಪು ಎಂದೇ ಜನರು ನಂಬಿರುವುದು ಆ ರುಚಿಯಿಂದಾಗಿ.

ಬೆಂಗಳೂರು ಅರಮನೆಯನ್ನೂ ಟ್ಯೂಡರ್ ಶೈಲಿ ಎನ್ನುತ್ತಾರೆ. ಅದು ಇದೇ ಶೈಲಿಯೇ?

ಹೆಸರು ಒಂದೇ, ಕಟ್ಟಡ ಬೇರೆ ವರ್ಗದ್ದು. ರೆವರೆಂಡ್ ಗ್ಯಾರೆಟ್ ಅವರಿಗೆ ಸೇರಿದ್ದ ಆ ಆಸ್ತಿಯನ್ನು 1873ರಲ್ಲಿ ಬಾಲಕ ಚಾಮರಾಜೇಂದ್ರ ಒಡೆಯರ್ ಅವರಿಗಾಗಿ ಕೊಳ್ಳಲಾಯಿತು. ಅಲ್ಲಿರುವುದು 19ನೇ ಶತಮಾನದ ಜನ ಹಳೆಯ ಇಂಗ್ಲೆಂಡನ್ನು ಕಲ್ಪಿಸಿಕೊಂಡು ಮತ್ತೆ ಕಟ್ಟಿದ ಪುನರುಜ್ಜೀವನ ಶೈಲಿ: ಕೋಟೆಯ ತೆನೆಗಳು, ಗೋಪುರಗಳು, ಗಟ್ಟಿ ಗೋಡೆಗಳು. ಅಲ್ಲಿ ಭಾರ ಹೊರುವುದು ಗೋಡೆ; ಮೋರ್ಟನ್‌ನಲ್ಲಿ ಭಾರ ಹೊರುವುದು ಮರದ ಚೌಕಟ್ಟು. ಅರಮನೆ ನೋಡಿ ಬಂದವರು ಚೆಷೈರ್‌ನ ಮನೆಯಲ್ಲಿ ಅದರ ಮೂಲವನ್ನು ಹುಡುಕಿದರೆ ನಿರಾಶೆಯಾದೀತು.

ಇಂಥ ಮನೆ ಬದಲಾವಣೆಗಳಿಲ್ಲದೆ ಇಂದಿನವರೆಗೆ ಉಳಿದದ್ದು ಹೇಗೆ?

ಕುಟುಂಬದ ಕೈ ಬರಿದಾದದ್ದೇ ಮುಖ್ಯ ಕಾರಣ. 17ನೇ ಶತಮಾನದ ಮಧ್ಯದಲ್ಲಿ ಇಂಗ್ಲೆಂಡಿನ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ ಮೋರ್ಟನ್ ಕುಟುಂಬದವರು ರಾಜನ ಪಕ್ಷ ಹಿಡಿದರು; 1643ರಲ್ಲಿ ಪಾರ್ಲಿಮೆಂಟಿನ ಪಕ್ಷದವರು ಮನೆಯನ್ನು ವಶಕ್ಕೆ ಪಡೆದು ಸೈನಿಕರನ್ನು ಇರಿಸಿದರು. ಮನೆ ಮರಳಿ ದೊರೆತರೂ ಸಾಲದ ಹೊರೆ ಇಳಿಯಲಿಲ್ಲ. ಅದೇ ಶತಮಾನದ ಕೊನೆಯ ಭಾಗದ ಹೊತ್ತಿಗೆ ಕುಟುಂಬ ಅಲ್ಲಿಂದ ಹೊರಟುಹೋಗಿ, ಮನೆ ಗೇಣಿದಾರ ರೈತರ ಕೈಗೆ ಬಂತು. ಹಣವಿದ್ದ ಜಮೀನುದಾರರು 18ನೇ ಶತಮಾನದಲ್ಲಿ ಹಳೆಯ ಮರದ ಮನೆಗಳನ್ನು ಕೆಡವಿ, ಸಮಪ್ರಮಾಣದ ಹೊಸ ಮನೆಗಳನ್ನು ಕಟ್ಟಿಸಿಕೊಂಡರು. ಮೋರ್ಟನ್ ಕುಟುಂಬಕ್ಕೆ ಆ ಸಾಮರ್ಥ್ಯವಿರಲಿಲ್ಲ. ಗೇಣಿದಾರರಿಗೋ ಬೇಕಿದ್ದದ್ದು ಕೆಲವೇ ಕೋಣೆಗಳು. 1847ರ ಹೊತ್ತಿಗೆ ಮನೆಯ ಬಹುಪಾಲು ಖಾಲಿಯಾಗಿತ್ತು, ಪ್ರಾರ್ಥನಾ ಮಂದಿರದಲ್ಲಿ ಕಲ್ಲಿದ್ದಲು ತುಂಬಿಡುತ್ತಿದ್ದರು.

1892ರಲ್ಲಿ ಮನೆಯ ವಾರಸುದಾರಳಾದ ಎಲಿಜಬೆತ್ ಮೋರ್ಟನ್ ಎಂಬ ಸನ್ಯಾಸಿನಿ ಆ ಮಂದಿರವನ್ನು ದುರಸ್ತಿ ಮಾಡಿಸಿ ಮತ್ತೆ ಸಜ್ಜುಗೊಳಿಸಿದಳು. ಗ್ಯಾಲರಿಗೆ ಉಕ್ಕಿನ ಸರಳು ಹಾಕಿಸಿದವಳೂ ಆಕೆಯೇ ಇರಬಹುದು. ಎಂದೂ ಮಾರಬಾರದೆಂಬ ಷರತ್ತಿನೊಂದಿಗೆ 1912ರಲ್ಲಿ ಮನೆ ಆಕೆಯ ಸಂಬಂಧಿ, ಡರ್ಬಿಯ ಬಿಷಪ್ ಚಾರ್ಲ್ಸ್ ಅಬ್ರಹಾಂ ಅವರ ಪಾಲಿಗೆ ಬಂತು. ಅವರೂ ಅವರ ಮಗನೂ ಸೇರಿ 1938ರಲ್ಲಿ ಅದನ್ನು ಐತಿಹಾಸಿಕ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಒಪ್ಪಿಸಿದರು. ಈ ಇಬ್ಬರು ಬಂಧುಗಳ ನಿಷ್ಠೆ ಇರದಿದ್ದರೆ ಮನೆಯ ಕಥೆ ಬೇರೆಯೇ ಆಗುತ್ತಿತ್ತು.

ಮನೆಯೊಳಗಿನ ಪೀಠೋಪಕರಣಗಳು ಮೂಲದವೇ?

ಬಹುತೇಕ ಕೋಣೆಗಳು ಖಾಲಿ. ಮೂಲದ ಮೂರು ವಸ್ತುಗಳು ಮಾತ್ರ ಉಳಿದಿವೆ: ಒಂದು ದೊಡ್ಡ ದುಂಡು ಮೇಜು, ಊಟದ ಒಂದು ಉದ್ದನೆಯ ಮೇಜು ಮತ್ತು ಹಲವು ಪೆಟ್ಟಿಗೆಗಳಿರುವ ಒಂದು ಕಪಾಟು. ವಾಸ್ತುಶಿಲ್ಪವನ್ನು ನೋಡಬಂದವರಿಗೆ ಈ ಖಾಲಿತನ ಅನುಕೂಲವೇ, ಏಕೆಂದರೆ ಕಂಬ ತೊಲೆಗಳನ್ನು ಯಾವುದೂ ಮರೆಮಾಡುವುದಿಲ್ಲ.

ಉದ್ಯಾನ ಎಷ್ಟು ಹಳೆಯದು?

ಮನೆಯ ಹಿಂದಿನ ಗಂಟುವಿನ್ಯಾಸದ (ಗಿಡಗಳ ಸಾಲುಗಳು ಹಗ್ಗದ ಗಂಟಿನಂತೆ ಹೆಣೆದುಕೊಂಡಂತೆ ಕಾಣುವ) ತೋಟವನ್ನು ನೆಟ್ಟದ್ದು 1972ರಲ್ಲಿ. ಅದರ ವಿನ್ಯಾಸವನ್ನು ಮಾತ್ರ 17ನೇ ಶತಮಾನದ ತೋಟಗಾರಿಕೆಯ ಪುಸ್ತಕವೊಂದರಿಂದ ಪಡೆಯಲಾಗಿದೆ.

ಮೊದಲ ಬಾರಿ ಹೋಗುವವರು ಯಾವ ಕ್ರಮದಲ್ಲಿ ನೋಡಿದರೆ ಒಳ್ಳೆಯದು?

ಸೇತುವೆ ದಾಟುವ ಮೊದಲು ದಕ್ಷಿಣದ ಮುಖವನ್ನು ದೂರದಿಂದ ನೋಡಿ, ಗ್ಯಾಲರಿಯ ಚಾವಣಿಯ ಕಲ್ಲು ಎಷ್ಟು ದಪ್ಪವೆಂದು ಗಮನಿಸಿರಿ. ಹೆಬ್ಬಾಗಿಲು ದಾಟಿದ ಮೇಲೆ ಎದುರಿಗೆ ಸಿಗುವುದು ಹಜಾರ. ಕಟ್ಟಿದ ಕ್ರಮದಲ್ಲೇ ನೋಡಬೇಕೆಂದಿದ್ದರೆ ಅದರಿಂದಲೇ ಆರಂಭಿಸಿ, ಪೂರ್ವದ ಪಾರ್ಲರ್ ಮತ್ತು ಪ್ರಾರ್ಥನಾ ಮಂದಿರಕ್ಕೆ ಹೋಗಿ, ಕೊನೆಯಲ್ಲಿ ದಕ್ಷಿಣ ಸಾಲಿನ ಮೆಟ್ಟಿಲು ಹತ್ತುವುದು ಸೂಕ್ತ. ಗ್ಯಾಲರಿಯನ್ನು ತಲುಪಿದಾಗ ಮೊದಲು ನೆಲವನ್ನಲ್ಲ, ಚಾವಣಿಯನ್ನು ನೋಡಿರಿ: ಕಮಾನುಗಳ ನಡುವಿನ ಅಡ್ಡತೊಲೆಗಳನ್ನು ಗುರುತಿಸಿದ ಬಳಿಕ, ಗೋಡೆಗಳು ಯಾವ ದಿಕ್ಕಿಗೆ ವಾಲಿವೆ ಮತ್ತು ಅವುಗಳನ್ನು ಯಾವುದು ಹಿಡಿದು ನಿಲ್ಲಿಸಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ.